ಹ್ಯಾರೋಬಿಯ ಮೊಮ್ಮಗ

ಮುದುಕ ಹೇಳಿದ್ದು ಸುಳ್ಳೆಂದು ಕಾಂಚನಾಗೆ ಮೊದಲ ನಿಮಿಷದಲ್ಲೇ ಖಾತ್ರಿಯಾಯಿತು.

ನಾರ್‌ಶೋಪಿಂಗ್‌ನ ಆ ಸಭಾಂಗಣದಲ್ಲಿ ಕೂತಿದ್ದ ನೂರು ಜನಕ್ಕೆ ಮಾತ್ರ ಹಾಗನ್ನಿಸಲಿಲ್ಲ. ಅವಳ ಉಪನ್ಯಾಸ ಆಗಷ್ಟೇ ಮುಗಿದಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಮುದುಕನೊಬ್ಬ ಊರುಗೋಲು ಊರಿ ಎದ್ದ.

"ನನ್ನ ಹೆಸರು ಯೋಸ್ತಾ ಲಿಂಡ್. ಬಡಗಿಯಾಗಿದ್ದೆ. ನಿಮ್ಮ ಪುಸ್ತಕದ ಎಡ್ಮಂಡ್ ಹ್ಯಾರೋಬಿ ನನ್ನ ಅಜ್ಜ."

ಜನ ಚಪ್ಪಾಳೆ ತಟ್ಟಿದರು.

ಅದು ೨೦೦೭ರ ಮಾರ್ಚ್ ತಿಂಗಳು. ಪುಸ್ತಕ ಹೊರಬಂದು ಆರು ತಿಂಗಳಾಗಿತ್ತು. ಅದಕ್ಕೂ ಮುಂಚೆ ಆರು ವರ್ಷ, ಉಡುಪಿಯಿಂದ ಬಂದ ಕಾಂಚನಾಳ ಡಾಕ್ಟರೇಟಿಗೆ ಈ ಪರದೇಶದಲ್ಲಿ ಬೆಲೆಯೇ ಇರಲಿಲ್ಲ. ವಾರಕ್ಕೆರಡು ಗಂಟೆ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವುದಷ್ಟೇ ಅವಳಿಗೆ ಸಿಕ್ಕಿದ್ದ ಕೆಲಸ. ಇತಿಹಾಸ ವಿಭಾಗದ ಬಾಗಿಲು ತಟ್ಟಿದಾಗಲೆಲ್ಲ, ಬೇರೆ ಯಾರ ಹತ್ತಿರವೂ ಇಲ್ಲದ ವಿಷಯ ತನ್ನಿ ಎಂದು ನಗುನಗುತ್ತಲೇ ಕಳಿಸುತ್ತಿದ್ದರು. ಕೊನೆಗೆ ತಂದಳು. ಖಾಯಂ ಕೆಲಸವೂ ಸಿಕ್ಕಿತು.

ಹ್ಯಾರೋಬಿ ಒಬ್ಬ ಪಾದ್ರಿಯ ಮಗ, ಕೇಂಬ್ರಿಡ್ಜ್ ವಿದ್ಯಾರ್ಥಿ, ಎಡಗೈ ಬ್ಯಾಟ್ಸ್‌ಮನ್. ಆಟಕ್ಕೆ ಕಾಸು ಮುಟ್ಟುವುದು ಮರ್ಯಾದಸ್ಥರಿಗೆ ತಕ್ಕದ್ದಲ್ಲ ಎಂದು ನಂಬಿದ್ದ ರಾಣಿ ವಿಕ್ಟೋರಿಯಾ ಕಾಲದ ಹವ್ಯಾಸಿ. ಆಕ್ಸ್‌ಫರ್ಡ್ ವಿರುದ್ಧದ ಪಂದ್ಯದ ದಿನ ಬೆಳಿಗ್ಗೆ ಅವನನ್ನು ಕೈಬಿಟ್ಟು ಯಾರೋ ಜಮೀನ್ದಾರನ ಮಗನನ್ನು ಆಡಿಸಿದರು. ಹಾಗಾಗಿ ಸ್ಕೋರ್ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಅವಮಾನ ನುಂಗಲಾರದೆ ಅವನು ಊರು ಬಿಟ್ಟ. ನಾರ್‌ಶೋಪಿಂಗ್‌ನ ಉಣ್ಣೆ ಗಿರಣಿಯಲ್ಲಿ ಇಂಗ್ಲಿಷ್ ಕಾಗದ ಬರೆಯುವ ಗುಮಾಸ್ತನಾದ. ಭಾನುವಾರಗಳಲ್ಲಿ ಗಿರಣಿಯ ಕೂಲಿಗಳಿಗೆ ಕ್ರಿಕೆಟ್ ಕಲಿಸಿದ. ಮೂವತ್ತೊಂದಕ್ಕೆ ನ್ಯುಮೋನಿಯಾ ಬಂದು ಒಂಟಿಯಾಗಿ ಸತ್ತ. ಇದೆಲ್ಲ ಅವನು ತಂಗಿಗೆ ಬರೆದ ನಲವತ್ತು ಪತ್ರಗಳಿಂದ ತಿಳಿದದ್ದೆಂದೂ, ಪತ್ರಗಳ ಒಡೆಯರು ತಮ್ಮ ಹೆಸರು ಬೇಡವೆಂದಿದ್ದಾರೆಂದೂ ಮುನ್ನುಡಿ ಹೇಳುತ್ತಿತ್ತು.

ಪರದೇಶದಲ್ಲಿ ಬೆಲೆಯಿಲ್ಲದೆ ಕೂತವನ ಸಂಕಟವನ್ನು ಒಳಹೊಕ್ಕು ಬರೆದಿದ್ದಾಳೆ ಎಂದು ಪತ್ರಿಕೆಗಳು ಹೊಗಳಿದ್ದವು.

ಸಭೆ ಮುಗಿದ ಮೇಲೆ ಫೀಕಾ. ಕಾಫಿ, ದಾಲ್ಚಿನ್ನಿ ಬನ್ನು. ಯೋಸ್ತಾ ಅವಳೆದುರೇ ಬಂದು ಕೂತ.

"ನಮ್ಮಜ್ಜಿ ಗಿರಣಿಯಲ್ಲಿ ನೂಲುತ್ತಿದ್ದಳು. ಮದುವೆಯಿಲ್ಲದೆ ನಮ್ಮಪ್ಪನನ್ನು ಹೆತ್ತಳು. ಚರ್ಚಿನ ಪುಸ್ತಕದಲ್ಲಿ 'ತಂದೆ ಗೊತ್ತಿಲ್ಲ' ಅಂತ ಬರೆದಿದ್ದಾರೆ. ಅಪ್ಪ ಸಾಯುವತನಕ ತಲೆ ಎತ್ತಿ ನಡೆಯಲಿಲ್ಲ. ಅವನೂ ಗಾಬರಿಯಾದಾಗ ಕಿವಿಯ ತುದಿ ಉಜ್ಜಿಕೊಳ್ಳುತ್ತಿದ್ದ, ನಿಮ್ಮ ಹ್ಯಾರೋಬಿಯ ಹಾಗೆ. ಆ ಪುಟ ಓದಿ ನಾನು ಅತ್ತುಬಿಟ್ಟೆ." ಅವನ ದನಿ ತಗ್ಗಿತು. "ಎರಡು ಸಾಲು ಬರೆದುಕೊಡಿ. ಅಪ್ಪನ ಸಮಾಧಿಯ ಕಲ್ಲು ಬದಲಾಯಿಸಬೇಕು."

"ಹ್ಯಾರೋಬಿಗೆ ಮಕ್ಕಳಿರಲಿಲ್ಲ."

"ಅಷ್ಟು ಖಂಡಿತವಾಗಿ ಹೇಗೆ ಹೇಳುತ್ತೀರಿ?"

ಕಾಂಚನಾ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

ಮನೆಯಲ್ಲಿ ಹಯವದನ ಗಂಡನಾಗಿ ಹೇಳಬೇಕಾದ್ದನ್ನೇ ಹೇಳಿದ. "ಒಂದು ಲೆಟರ್ ಕೊಟ್ರೆ ನಿಂಗೇನು ಲಾಸ್? ಪಾಪ, ವಯಸ್ಸಾದೋರು."

"ಅವ್ರು ಮೊಮ್ಮಗ ಅಲ್ಲ ರೀ."

"ಮತ್ತೆ ಆ ಕಿವಿ ಉಜ್ಜೋದು?"

"ಕಿವಿ ಯಾರು ಬೇಕಾದ್ರೂ ಉಜ್ಕೋತಾರೆ."

"ಅದೂ ನಿಜ. ನಿಮ್ಮಪ್ಪನೂ ಉಜ್ಕೋತಿದ್ರು." ಅವನು ನಕ್ಕ. "ಕೋಪ ಮಾಡ್ಕೋಬೇಡ, ನಿಂಗೆ ಹೊಟ್ಟೆಕಿಚ್ಚು ಕಾಂಚನಾ. ಇಷ್ಟು ದಿನ ಹ್ಯಾರೋಬಿ ನಿನ್ನೊಬ್ಬಳ ಸ್ವತ್ತಾಗಿದ್ದ. ಈಗ ಶೇರ್ ಮಾಡ್ಕೋಬೇಕಲ್ಲ, ಅದಕ್ಕೆ."

ಅವಳು ಎದ್ದು ಪಾತ್ರೆ ತೊಳೆಯಲು ಹೋದಳು.

ಏಪ್ರಿಲ್‌ನಲ್ಲಿ ಯೋಸ್ತಾನ ಮೊಮ್ಮಗಳು ಜೆಸಿಕಾ ಕಚೇರಿಗೇ ಬಂದಳು. ವೃತ್ತಿಯಲ್ಲಿ ವಕೀಲೆ. ಕೂರಲಿಲ್ಲ.

"ಅಜ್ಜನಿಗೆ ಕ್ಯಾನ್ಸರ್. ಈ ಬೇಸಿಗೆ ದಾಟುವುದಿಲ್ಲ. ನೀವು ಬರೆದುಕೊಡದಿದ್ದರೆ ಆ ನಲವತ್ತು ಪತ್ರಗಳನ್ನು ನಾವೇ ಓದುತ್ತೇವೆ. ಒಡೆಯರು ಯಾರು ಅಂತ ಹೇಳಿ. ಹೇಳದಿದ್ದರೆ ನಿಮ್ಮ ವಿಭಾಗಕ್ಕೆ ಅರ್ಜಿ ಹಾಕುತ್ತೇನೆ."

ಕಾಂಚನಾ ಆ ಮಧ್ಯಾಹ್ನವೇ ಬರೆದಳು. ಯೋಸ್ತಾ ಲಿಂಡ್ ಅವರ ತಂದೆ ಎಡ್ಮಂಡ್ ಹ್ಯಾರೋಬಿಯ ಮಗನಾಗಿರುವ ಸಂಭವವಿದೆ, ಎಂದು. ಜೆಸಿಕಾ ಓದಿ, ಕೊನೆಯ ಮಾತುಗಳ ಮೇಲೆ ಬೆರಳಿಟ್ಟಳು.

"ಸಂಭವವನ್ನು ಕಲ್ಲಿನ ಮೇಲೆ ಕೆತ್ತಲಾಗುವುದಿಲ್ಲ."

ಕಾಂಚನಾ ಆ ಮಾತುಗಳನ್ನು ಅಳಿಸಿ, 'ಮಗ' ಎಂದಷ್ಟೇ ಬರೆದಳು. ವಿಭಾಗದ ಮೊಹರು ಒತ್ತಿ, ಸಹಿ ಹಾಕಿದಳು.

ಮೇ ತಿಂಗಳ ಒಂದು ಶನಿವಾರ ಸ್ಮಶಾನದಲ್ಲಿ ಹೊಸ ಕಲ್ಲು ನೆಟ್ಟರು. 'ಎಡ್ಮಂಡ್ ಹ್ಯಾರೋಬಿಯ ಮಗ' ಎಂದು ಅದರ ಮೇಲೆ ಆಳವಾಗಿ ಕೆತ್ತಿತ್ತು. ಯೋಸ್ತಾ ಈಗ ಗಾಲಿಕುರ್ಚಿಯಲ್ಲಿದ್ದ, ಅರ್ಧದಷ್ಟಾಗಿದ್ದ. ಕಾಂಚನಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ನಿಮಗೊಂದು ವಿಷಯ ಹೇಳಿರಲಿಲ್ಲ," ಎಂದ. "ಅಜ್ಜಿಯ ಪೆಟ್ಟಿಗೆಯಲ್ಲಿ ಮೂರು ಕಾಗದಗಳಿದ್ದವು. ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವನೊಬ್ಬ ಬರೆದದ್ದು. ಮಗು ನನ್ನದು, ಒಂದು ಸಲ ಮುಖ ತೋರಿಸು ಅಂತ ಬೇಡಿಕೊಂಡಿದ್ದ. ಜೀವನವಿಡೀ ಅವನೇ ನಮ್ಮಜ್ಜ ಇರಬಹುದು ಅಂದುಕೊಂಡಿದ್ದೆ. ನಿಮ್ಮ ಪತ್ರ ಕೈಗೆ ಬಂದ ದಿನ ಮೂರನ್ನೂ ಒಲೆಗೆ ಹಾಕಿದೆ. ಕಲಿತವರು ನೀವು. ನಿಮಗಿಂತ ಚೆನ್ನಾಗಿ ಹ್ಯಾರೋಬಿಯನ್ನು ಬಲ್ಲವರು ಯಾರಿದ್ದಾರೆ?"

ಯಾರೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಗಳನ್ನು ಶಿಶುವಿಹಾರಕ್ಕೆ ಬಿಟ್ಟುಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು ಕಾಂಚನಾ ತಾನೇ ಹೆಸರಿಟ್ಟು ಬರೆಯತೊಡಗುವತನಕ, ಎಡ್ಮಂಡ್ ಹ್ಯಾರೋಬಿ ಎಂಬ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.