ಚಂದ್ರಗುತ್ತಿಗೆ ಹೋದ ಕೇಬಲ್

"ತಪ್ಪಾಯ್ತು ಬಂಗಾರಪ್ಪ, ಇದೊಂದ್ಸಲ ಕ್ಷಮಿಸ್ಬಿಡು ಮಾರಾಯ. ಓವರ್."

ತನ್ನ ಸರದಿ ಮುಗಿಸಿ ಸಿದ್ಧಲಿಂಗೇಶ್ ಮೈಕಿನ ಗುಂಡಿಯಿಂದ ಬೆರಳು ತೆಗೆದ. ರೇಡಿಯೋದ ಸಿಗ್ನಲ್ ಮುಳ್ಳು ಮೇಲೆದ್ದಿತು. ಚಂದ್ರಗುತ್ತಿಯಿಂದ ಬಂಗಾರಪ್ಪನ ದನಿ ಬಂತು: "ನಮ್ಮ ಎಮ್ಮೆ ಕರು ಹಾಕ್ತು. ಓವರ್."

ಕ್ಷಮೆ ಕೇಳಿದರೆ ಎಮ್ಮೆಯ ಉತ್ತರ! ಮೂರು ತಿಂಗಳಿಂದ ಇದೇ ಗೋಳು.

ಶಿಕಾರಿಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸಿದ್ಧಲಿಂಗೇಶನಿಗೂ ಚಂದ್ರಗುತ್ತಿಯ ರೇಡಿಯೋ ರಿಪೇರಿ ಬಂಗಾರಪ್ಪನಿಗೂ ಹದಿನೈದು ವರ್ಷದ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋದ ಗೆಳೆತನ. ಬೆಳಿಗ್ಗೆ ಏಳಕ್ಕೆ ಇಬ್ಬರೂ ಹಾಜರು. ಆದರೆ ಮೂರು ತಿಂಗಳ ಹಿಂದೆ ಒಂದು ಭಾನುವಾರ, ಜಿಲ್ಲೆಯ ಹ್ಯಾಮ್‌ಗಳೆಲ್ಲ ಕೇಳುತ್ತಿದ್ದಾಗ, ಬಂಗಾರಪ್ಪ ವಿಪರೀತ ಕೂಗಿ ಮಾತಾಡಿದನೆಂದು ಸಿದ್ಧಲಿಂಗೇಶ್ ರೇಗಿದ್ದ. "ಬಾಯಿ ಮುಚ್ಚಯ್ಯ! ನಿಂಗ್ಯಾಕ್ ಬೇಕು ರೇಡಿಯೋ? ಗುಡ್ಡ ಹತ್ತಿ ಕೂಗಿದ್ರೆ ಸಾಕು." ಎಲ್ಲರೂ ನಕ್ಕಿದ್ದರು. ಅಂದಿನಿಂದ ಇವನ ಒಂದು ಮಾತಿಗೂ ಬಂಗಾರಪ್ಪ ಉತ್ತರ ಕೊಟ್ಟಿಲ್ಲ.

ಮಾತೇ ಬಿಟ್ಟಿದ್ದರೆ ಸಹಿಸಬಹುದಿತ್ತು. ಬಿಟ್ಟಿಲ್ಲವಲ್ಲ! ಇವನು ಮುಗಿಸುವವರೆಗೆ ಮರ್ಯಾದೆಯಿಂದ ಕಾಯುತ್ತಾನೆ, ಒಮ್ಮೆಯೂ ಅಡ್ಡಬಾಯಿ ಹಾಕುವುದಿಲ್ಲ. ಆಮೇಲೆ ಮಂಜು, ಎಮ್ಮೆ, ಅವರೆಕಾಯಿ ಎಂದು ತನ್ನದೇ ಪುರಾಣ ಬಿಚ್ಚುತ್ತಾನೆ.

"ಒಂದ್ಸಲ ಹೋಗಿ ಬರ್ರಿ, ಮುಖ ನೋಡಿದ್ರೆ ಸಿಟ್ಟು ಇಳೀತೈತಿ," ಎಂದಳು ಹೆಂಡತಿ ಅಶ್ವಿನಿ. ಎರಡು ಸಲ ಬಸ್ ಹತ್ತಿದ್ದ. ಎರಡು ಸಲವೂ ಧೈರ್ಯ ಸಾಲದೆ ಶಿರಾಳಕೊಪ್ಪದಲ್ಲೇ ಇಳಿದು ವಾಪಸ್ ಬಂದಿದ್ದ.

ಅಷ್ಟರಲ್ಲಿ ಬಂಗಾರಪ್ಪನೇ ಕೇಳಿದ: "ಹೊಸ ಕಂಪ್ಯೂಟರ್ ತಂದೀನಿ. ನಿನ್ ತರಾನೇ ರೇಡಿಯೋಕ್ಕೆ ಜೋಡಿಸ್ಬೇಕು. ಆ ಯುಎಸ್‌ಬಿ ಕೇಬಲ್ ಒಂದು ಕಳ್ಸು. ಓವರ್."

ಸಿದ್ಧಲಿಂಗೇಶ್ ತನ್ನ ರೇಡಿಯೋಗೆ ಜೋಡಿಸಿದ್ದ ಕಂಪ್ಯೂಟರಿನ ಕಡೆ ತಿರುಗಿದ. ರೇಡಿಯೋಗೆ ಕಂಪ್ಯೂಟರ್ ಸೇರಿಸಿದರೆ ಮಾತಾಡಬೇಕಿಲ್ಲ. ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಪರದೆಯ ಮೇಲೆ ಮೂಡುತ್ತದೆ. ತನ್ನ ದನಿಯೇ ಬೇಡವಾಯಿತೇ ಇವನಿಗೆ?

ಆದರೂ ಬಸ್ ಕಂಡಕ್ಟರ್ ರಾಜಪ್ಪನ ಕೈಯಲ್ಲಿ ಕೇಬಲನ್ನೂ ಅದಕ್ಕೆ ಬೇಕಾದ ಸಾಫ್ಟ್‌ವೇರ್ ತುಂಬಿದ ಫ್ಲಾಪಿಯನ್ನೂ ಕೊಟ್ಟು ಕಳಿಸಿದ.

ಮರುದಿನ ದೂರು ಬಂತು: "ಕೇಬಲ್ ಹಾಕಿದ್ರೂ ಕಂಪ್ಯೂಟರ್ ಕಣ್ಣೆತ್ತಿ ನೋಡಲ್ಲ. ಓವರ್."

ಮೊದಲು ಫ್ಲಾಪಿ, ಆಮೇಲೆ ಕೇಬಲ್ ಎಂದು ಸಿದ್ಧಲಿಂಗೇಶ್ ಮಕ್ಕಳಿಗೆ ಪಾಠ ಹೇಳಿದಂತೆ ಕಾಲು ಗಂಟೆ ಬಿಡಿಸಿ ಹೇಳಿದ.

"ಹೆಂಗೆ ಅಂತ ಬರ್ದು ರಾಜಪ್ಪನ ಕೈಲಿ ಕಳ್ಸು. ಓವರ್," ಎಂದ ಆ ಮಹಾರಾಯ.

ಹೇಳಿದ್ದಷ್ಟೂ ನೀರಲ್ಲಿ ಹೋಮ! ಸಿದ್ಧಲಿಂಗೇಶನಿಗೆ ಅಳುವೇ ಬಂತು. ಇನ್ನೇನು ಮಾಡುವುದು? ಕೂತು ಎರಡು ಪುಟ ಬರೆದು ಕಳಿಸಿದ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಚಂದ್ರಗುತ್ತಿಯ ದನಿ ಬರಲಿಲ್ಲ. ಮುಳ್ಳು ಮಾತ್ರ ಮೇಲೆದ್ದಿತು. ರೇಡಿಯೋ ಗೊರಗುಟ್ಟಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಂಗಾರಪ್ಪನ ಕನ್ನಡ ಒಂದೊಂದೇ ಪದವಾಗಿ ಮೂಡತೊಡಗಿತು.

"ಸಿದ್ಧು, ಕಿವಿ ಪೂರ್ತಿ ಹೋಗಿ ಮೂರು ತಿಂಗಳಾಯ್ತು, ಎಲ್ರೂ ಕೇಳೋ ಹಂಗೆ ಹೇಳೋಕೆ ನಾಚಿಕೆ. ದಿನಾ ಮುಳ್ಳು ಎದ್ರೆ ನೀನು ಮಾತಾಡ್ತಿದೀಯ ಅಂತ ಸುಮ್ನಿರ್ತಿದ್ದೆ, ಅದು ಬಿದ್ಮೇಲೆ ನಾನು ಏನೋ ಒಂದು ಹೇಳ್ತಿದ್ದೆ. ಈಗ ಟೈಪ್ ಮಾಡೋ, ಇಷ್ಟು ದಿನ ನೀನು ಏನ್ ಹೇಳ್ತಿದ್ದೆ?"