ಚೆಕ್ಕಿನ ಬೆನ್ನು

ಮೈದುನ ಮುರಗೆಪ್ಪ ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದ. ಸಕ್ಕರೆ ಕಾರ್ಖಾನೆಯಿಂದ ಶಿವಗಂಗವ್ವನ ಹೆಸರಿಗೆ ಬಂದ ಕಬ್ಬಿನ ಚೆಕ್ಕು ಬ್ಯಾಂಕಿನ ಕೌಂಟರಿನ ಮೇಲೆ ಬೋರಲಾಗಿ ಬಿದ್ದಿತ್ತು. ಗಂಡ ಸತ್ತಾಗಿನಿಂದ ಪ್ರತಿ ವರ್ಷ ಅವಳು ಅದರ ಬೆನ್ನಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಹಣ ಮುರಗೆಪ್ಪನ ಗೊಬ್ಬರದಂಗಡಿಯ ಖಾತೆಗೆ ಹೋಗುತ್ತಿತ್ತು.

“ಒತ್ತರಿ ವೈನಿ, ರಾಯಬಾಗ ಬಸ್ ತಪ್ಪತೈತಿ.”

“ನಿನ್ನ ಅಂಗಡಿ ಬೋರ್ಡಿನ್ಯಾಗ ನನ್ನ ಹೆಸರ ಐತೇನು?” ಎಂದವಳೇ ಶಿವಗಂಗವ್ವ ಚೆಕ್ಕನ್ನು ಎತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. “ಸಾಹೇಬ್ರ, ನನಗೊಂದು ಬ್ಯಾರೆ ಖಾತೆ ತೆಗೀರಿ.”

ಗುಮಾಸ್ತ ಫಾರ್ಮು ಕೊಟ್ಟ. “ಇಲ್ಲಿ ಖಾತೆ ಇದ್ದವ್ರು ಒಬ್ರು, ಇವ್ರ ಗುರ್ತ ಐತಿ ಅಂತ ಸಹಿ ಮಾಡಬೇಕವ್ವಾ. ಯಾರ ಅದಾರ?”

ಅವಳು ಫಾರ್ಮನ್ನು ಮುರಗೆಪ್ಪನ ಮುಂದೆ ಸರಿಸಿದಳು. ಸಾಲಿನಲ್ಲಿ ನಿಂತವರೆಲ್ಲ ಅವನನ್ನೇ ನೋಡಿದರು.

“ನನ್ನ ಗುರ್ತ ಐತೋ ಇಲ್ಲೋ, ಮಂದಿ ಮುಂದ ಹೇಳಪಾ.”

ಮುರಗೆಪ್ಪ ಕಿಸೆಯಿಂದ ಪೆನ್ನು ತೆಗೆದ.