ಬೆಕ್ಕಿಗೊಂದು ಪೋರ್ಟ್

"ಈಗ ಕಾಣ್ತಾ?" ನಿವೃತ್ತ ಬಸ್ ಚಾಲಕ ಫೋನಿನಲ್ಲಿ ಕೂಗಿದ. ಆಸ್ಪತ್ರೆಯಲ್ಲಿದ್ದ ಹೆಂಡತಿ "ಊಹೂಂ" ಎಂದಳು. ಆಪರೇಷನ್ ಆದಮೇಲೆ ಅವಳ ಬಾಯಿಂದ ಬರುತ್ತಿದ್ದ ಮಾತೇ ಅಷ್ಟು.

ತುಂಬು ಬಸುರಿ ಬೆಕ್ಕನ್ನು ಅವಳಿಗೆ ತೋರಿಸಲೆಂದೇ ಅವನು ಬುಟ್ಟಿಯ ಮೇಲೆ ಕ್ಯಾಮೆರಾ ಕಟ್ಟಿದ್ದ. ಚಿತ್ರ ಮನೆಯಿಂದಾಚೆ ಹೋಗಲೆಂದು ರೂಟರಿನಲ್ಲಿ ಅದಕ್ಕೊಂದು ಬಾಗಿಲು, ಅಂದರೆ ಪೋರ್ಟನ್ನೂ ತೆರೆದಿದ್ದ. ಮತ್ತೇನು ಎಡವಟ್ಟು? ಯೋಚಿಸಿ ಯೋಚಿಸಿ ಹಣೆ ಚಚ್ಚಿಕೊಂಡ. ಕಳ್ಳರು ನುಗ್ಗದಿರಲೆಂದು ವೈಫೈ ಪಾಸ್‌ವರ್ಡ್ ಬದಲಿಸಿದವನು ಕ್ಯಾಮೆರಾಕ್ಕೇ ಅದನ್ನು ಕೊಟ್ಟಿರಲಿಲ್ಲ! ಮನೆಯವರನ್ನೇ ಹೊರಗಿಟ್ಟು ಚಿಲಕ ಹಾಕಿದಂತಾಗಿತ್ತು. ಹೊಸ ಪಾಸ್‌ವರ್ಡ್ ಕೊಟ್ಟ.

"ಅಯ್ಯೋ, ಮರಿ ಹಾಕಿದೆ ಕಣ್ರೀ!" ಅತ್ತಲಿಂದ ದನಿ ಚಿಮ್ಮಿತು. "ಅಲ್ರೀ, ಹಾಸಿರೋದು ನನ್ನ ಹೊಸ ಶಾಲಲ್ವಾ? ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ಅವನು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ. "ಬಯ್ಯೇ, ಬಾಯ್ತುಂಬ ಬಯ್ಯಿ! ಲೈನ್ ಚೆನ್ನಾಗಿದೆ."